ಒಡೆದ ಕಾರುಗಳ ಕಾಲದ ಸದಾನಂದ

ಕುಂದಾಪುರದ ಸದಾನಂದ ಲಂಡನ್ನಿಗೆ ಬಂದದ್ದು ದೋಸೆ ಹುಯ್ಯಲಿಕ್ಕೆ. ಗಾಜಿನ ಕಸುಬು ಕೈಗೆ ಹತ್ತಿದ್ದು ಆಮೇಲೆ. ತೊಂಬತ್ತೊಂದರ ಚಳಿಗಾಲದಲ್ಲಿ, ಹ್ಯಾರೋ ಸ್ಟೇಷನ್ನಿನ ಹತ್ತಿರ ನಿಲ್ಲಿಸಿದ್ದ ಅವನ ಹಳೇ ಕಾರಿನ ಕಿಟಕಿ ಒಡೆದು ಯಾರೋ ಕ್ಯಾಸೆಟ್ ಪ್ಲೇಯರ್ ಕಿತ್ತುಕೊಂಡು ಹೋದರು. ಗಾಜು ಹಾಕಲು ಬಂದ ಐರಿಷ್ ಮುದುಕನಿಗೆ ಸೊಂಟನೋವು. ಸದಾನಂದನೇ ಗಾಜು ಹಿಡಿದುಕೊಟ್ಟ. "ನಾಳೆಯೂ ಬರ್ತೀಯಾ?" ಎಂದು ಮುದುಕ ಕೇಳಿದ. ಹೋಟೆಲಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಬಿಸಿಲನ್ನೇ ಕಾಣದೆ ಬೇಸತ್ತಿದ್ದ ಸದಾನಂದ ಹೋದ.

ಆಗ ಕಾರು ಒಡೆಯುವುದು ದಿನಬೆಳಗಾದರೆ ಕೇಳುವ ಮಾತು. ಜನ ರೇಡಿಯೋ ಕಳಚಿ ಕಂಕುಳಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗುತ್ತಿದ್ದರು. ಮುದುಕ ಕೆಲಸ ಬಿಟ್ಟಾಗ ಅವನ ಗಾಜು ಸಾಗಿಸುವ ವ್ಯಾನು ಸದಾನಂದನ ಪಾಲಿಗೆ ಬಂತು. ಸೋಮವಾರ ಬೆಳಗಾದರೆ ಫೋನಿಗೆ ಬಿಡುವಿರುತ್ತಿರಲಿಲ್ಲ. ಹೆಂಡತಿ ಗುಲಾಬಿ ವಿಳಾಸ ಕೇಳಿ ಕೇಳಿ ಅವನಿಗೆ ಹೇಳುತ್ತಿದ್ದಳು.

ಮೈಸೂರಿನ ಕಡೆಯ ಅಕೌಂಟೆಂಟ್ ನರಸಿಂಹಮೂರ್ತಿಯವರ ಕಾರನ್ನು ಒಂದೇ ವರ್ಷದಲ್ಲಿ ಕಳ್ಳರು ಎರಡು ಸಲ ಒಡೆದರು; ಎರಡು ಸಲವೂ ಗಾಜು ಹಾಕಿದ್ದು ಸದಾನಂದನೇ. ದೇವಸ್ಥಾನದ ಊಟದ ಪಂಕ್ತಿಯಲ್ಲಿ ಅವರು ಎಲ್ಲರಿಗೂ ಕೇಳುವಂತೆ ಅಂದರು: "ಏನ್ರೀ ಸದಾನಂದ, ಒಡೆಯೋರೂ ನೀವೇ, ಹಾಕೋರೂ ನೀವೇನಾ?"

ಪಂಕ್ತಿ ನಕ್ಕಿತು. ಸದಾನಂದನೂ ನಕ್ಕ. ಆದರೆ ಪಾಯಸ ಹಾಗೇ ಬಿಟ್ಟು ಎಲೆ ಮಡಚಿದ.

"ಹ್ವಾಯ್, ಅವ್ರ್ ತಮಾಷಿಗ್ ಹೇಳದ್ದ್," ಎಂದಳು ಗುಲಾಬಿ ದಾರಿಯಲ್ಲಿ.

"ತಮಾಷಿಯೇ. ಆರೆ ಯಾರೂ ಒಡೀದಿದ್ರೆ ನಮ್ ಊಟಕ್ ಎಂತ ದಾರಿ?"

ಅಂದಿನಿಂದ ಅವನಿಗೆ ಗಿರಾಕಿಯ ಎದುರು ನಿಂತು ಕೆಲಸ ಮಾಡುವುದೇ ಕಷ್ಟವಾಯಿತು. "ಒಳಗೆ ಕೂತುಕೊಳ್ಳಿ, ಮುಗಿದ ಮೇಲೆ ಬೆಲ್ ಮಾಡ್ತೇನೆ" ಎಂದು ಕಳಿಸಿಬಿಡುತ್ತಿದ್ದ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಕರೆಗಳು ಕಡಿಮೆಯಾದವು. ಹೊಸ ಕಾರುಗಳಲ್ಲಿ ರೇಡಿಯೋ ಕೀಳಲು ಬಾರದಂತೆ ಕೂತಿರುತ್ತಿತ್ತು, ಮುಟ್ಟಿದರೆ ಅಲಾರಂ ಕಿರುಚುತ್ತಿತ್ತು. ಬೀದಿಯವರ ಸಭೆಯಲ್ಲಿ ಮಹಿಳಾ ಪೊಲೀಸ್ ಅಧಿಕಾರಿ, ನಮ್ಮ ಕಡೆ ಕಾರು ಒಡೆಯುವುದು ಈ ವರ್ಷವೂ ಇಳಿದಿದೆ ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ತಡವಾಗಿ ಸದಾನಂದನೂ ತಟ್ಟಿದ.

"ನೀವ್ ಎಂತಕ್ ಚಪ್ಪಾಳಿ ಹೊಡದ್ದ್?" ಗುಲಾಬಿ ಪಿಸುಗುಟ್ಟಿದಳು.

"ನಮ್ ಕಾರೂ ಒಡೀಲಿಲ್ಲೆ ಅಲ್ದಾ."

ಮತ್ತೆ ಹೋಟೆಲಿನ ದೋಸೆ ಕೆಲಸಕ್ಕೆ ಹೋಗುವ ಮಾತು ಮನೆಯಲ್ಲಿ ಶುರುವಾಯಿತು. ಅಂಥದ್ದೊಂದು ಸಂಜೆ ಶಾಲೆಯಿಂದ ಬಂದ ಮಗಳು ಸುಪ್ರೀತಾ ಇಂಗ್ಲಿಷಿನಲ್ಲಿ ಗೊಣಗಿದಳು: ಬಸ್ಸಿನ ಕಿಟಕಿಯಲ್ಲಿ ಏನೂ ಕಾಣಲ್ಲ ಡ್ಯಾಡ್, ಎಲ್ಲರೂ ಹೆಸರು ಕೆರೆದಿಟ್ಟಿದ್ದಾರೆ. ಮರುದಿನ ಸದಾನಂದ ಬಸ್ಸು ಹತ್ತಿ ಕಿಟಕಿಗೆ ಬೆರಳಾಡಿಸಿ ನೋಡಿದ. ಚೂಪು ಕಲ್ಲಿನಿಂದ ಆಳವಾಗಿ ಗೀರಿದ್ದರು, ಉಜ್ಜಿದರೆ ಹೋಗುವಂಥದ್ದಲ್ಲ. ಅಲ್ಲಿಂದ ನೇರ ಹತ್ತಿರದ ಹೇಸ್ ಪೇಟೆಯ ಬಸ್ ಡಿಪೋಗೆ ಹೋಗಿ ಕೆಲಸ ಕೇಳಿದ. ಗಾಜು ಬದಲಿಸುವವರು ಅವರಿಗೂ ಬೇಕಾಗಿದ್ದರು.

ವ್ಯಾನನ್ನು ಒಬ್ಬ ಪೋಲಿಷ್ ಬಡಗಿ ಕೊಂಡ. ಗುಲಾಬಿಯ ಕಣ್ಣು ತುಂಬಿತು. ಸದಾನಂದನಿಗೆ ಹಾಗೇನೂ ಆಗಲಿಲ್ಲ. ಡಿಪೋದಲ್ಲಿ ಗೀರುಬಿದ್ದ ಗಾಜು ಇಳಿಸುವಾಗ ಅದರ ಮೇಲಿನ ಹೆಸರುಗಳನ್ನು ಓದುತ್ತಿದ್ದ. ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ತಮ್ಮ ಕಾರು ಒಡೆದರೆಂದು ಮುಖ ಸಣ್ಣದು ಮಾಡಿಕೊಂಡು ಪಕ್ಕದಲ್ಲಿ ನಿಲ್ಲುವವರು ಅಲ್ಲಿ ಯಾರೂ ಇರಲಿಲ್ಲ. ಅವನಿಗೆ ಅಷ್ಟೇ ಸಾಕಾಗಿತ್ತು.