ಕಮಲಾಪುರದಲ್ಲಿ ದಿನ ಎಣಿಸಿದವಳು

ಕಲಬುರಗಿ ನಿಲ್ದಾಣದಿಂದ ಹುಮನಾಬಾದ್ ಬಸ್ಸು ಒಂಬತ್ತಕ್ಕೆ ಹೊರಟಿತು. ಕಮಲಾಪುರ ಒಂದು ಗಂಟೆಯ ದಾರಿ. ಹೆಂಗಸರಿಗೆ ಟಿಕೆಟ್ ಬಿಟ್ಟಿ, ಸೀಟು ಮಾತ್ರ ಅದೃಷ್ಟವಿದ್ದವರಿಗೆ. ನನಗೆ ಕಿಟಕಿಯೇ ಸಿಕ್ಕಿತು. ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದವಳು ನಾನು. ಅಲ್ಲಿನ ಹೊಲಿಗೆ ತರಗತಿಯ ಯುವತಿಯರಿಗೆ ಮುಟ್ಟು, ಮದುವೆ, ಬಸಿರು ಇವುಗಳ ಬಗ್ಗೆ ಬಿಚ್ಚುಮನಸ್ಸಿನಿಂದ ಪಾಠ ಹೇಳಲು ಹೊರಟಿದ್ದೆ. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಇಳಿದವಳೇ ಅಲ್ಲಿನ ಕೆಂಪು ಬಾಳೆಹಣ್ಣು ಎರಡು ತಿಂದು ನಡೆದೆ.

ತಪ್ಪು ಮಾಡಿದ್ದು ಬಾಗಿಲಲ್ಲೇ. ಮುಸ್ಲಿಂ ಹುಡುಗಿಯರು ಎಲ್ಲರೆದುರು ಬಾಯಿ ಬಿಡಲಾರರು ಎಂದು ನಾನೇ ತೀರ್ಮಾನಿಸಿ ಅವರಿಗೆ ಬೇರೆ ಕೋಣೆ ಕೇಳಿದೆ. ಇಪ್ಪತ್ತರ ಶಾಹೀನ್ ಎದ್ದು ನಿಂತಳು. "ಒಂದ ಮಿಷನ್ ಮ್ಯಾಲೆ ಪಾಳಿ ಹಚ್ಚಿ ಹೊಲೀತೀವ್ರಿ ಸಿಸ್ಟರ್. ಇದಕ್ಯಾಕ ಬ್ಯಾರೆ?" ನಾನು ಅತಿಜಾಣೆಯಾಗಲು ಹೋದರೆ ಹೀಗೇ. ತೆಪ್ಪಗೆ ಚಾರ್ಟ್ ಬಿಚ್ಚಿದೆ.

ಮುಟ್ಟು ಎಷ್ಟು ದಿನ ಇರಬಹುದು ಎಂದು ಕೇಳಿದರೆ ಎಲ್ಲರೂ ನೆಲ ನೋಡಿದರು. ಶಾಹೀನ್ ಮಾತ್ರ ಪಾಠ ಒಪ್ಪಿಸಿದಳು: "ನಮಾಜ್ ಯಾವಾಗ ಬಿಡಬೇಕು, ಯಾವಾಗ ಮತ್ತ ಶುರು ಮಾಡ್ಬೇಕು ಅಂತ ಅಮ್ಮಿ ದಿನಾ ಎಣಿಸೂದು ಕಲಿಸ್ಯಾಳ್ರಿ. ಹತ್ತು ದಿನ ದಾಟಿದ್ರ ಅದು ಮುಟ್ಟಲ್ಲ, ಬೀಮಾರಿ." ನನ್ನ ಅರ್ಧ ಪಾಠವನ್ನು ಅವಳ ತಾಯಿಯೇ ಮುಗಿಸಿದ್ದಳು. ವಾರ ದಾಟಿದರೇ ಡಾಕ್ಟರಿಗೆ ತೋರಿಸಿ ಎಂದಷ್ಟೇ ನಾನು ಸೇರಿಸಿದೆ.

ಪಕ್ಕದಲ್ಲಿದ್ದ ಗೆಳತಿ ಮಹಾದೇವಿಯ ಮುಖ ಬಿಳಿಚಿತು. "ನಂದು ಇವತ್ತಿಗೆ ಹದಿನಾರನೇ ದಿನಾರಿ," ಎಂದಳು. "ನಾಕ ತಿಂಗಳಿಂದ ಹಿಂಗ. ಹೆಣ್ಣಿಗೆ ಇದು ಇದ್ದದ್ದ ಅಂದ್ಕೊಂಡಿದ್ದೆ." ಎದ್ದರೆ ತಲೆ ಸುತ್ತುತ್ತದಂತೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ, ಕೆಂಪೇ ಇಲ್ಲ; ಮೈಯಲ್ಲಿ ರಕ್ತ ಅಷ್ಟು ಕಡಿಮೆಯಾಗಿತ್ತು. ನನಗೆ ಹೆದರಿಕೆಯಾಯಿತು. ಅವತ್ತೇ ಕಲಬುರಗಿಗೆ ಕರೆದೊಯ್ಯಬೇಕೆಂದು ಅವಳ ತಾಯಿಗೆ ಹೇಳಿಕಳಿಸಿದೆವು.

ತಾಯಿ ಓಡಿ ಬಂದರು, ಗದರಿದ್ದು ನನ್ನನ್ನು. "ಮುಂದಿನ ವಾರ ಗಂಡಿನವರು ನೋಡಾಕ ಬರಾವ್ರು ಅದಾರ್ರಿ. ಊರಾಗ ಗೊತ್ತಾದ್ರ ನನ್ನ ಮಗಳ್ನ ಯಾರು ಮಾಡ್ಕೋತಾರ?"

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಹೇಳಿದಳು: "ಯವ್ವಾ, ನಾ ದೊಡ್ಡಾಕಿ ಆದಾಗ ಓಣಿಗೆಲ್ಲ ಸಕ್ಕರಿ ಹಂಚಿ ಆರತಿ ಮಾಡ್ಸಿದಿ. ಈಗ ಒಬ್ಬ ಡಾಕ್ಟರಿಗೆ ಹೇಳಾಕ ನಾಚಿಕಿ ಏನು?"

ತಾಯಿ ಸೆರಗು ಸರಿಮಾಡಿಕೊಂಡು, "ಬಸ್ ಎಷ್ಟಕ್ಕೈತ್ರಿ?" ಎಂದರು.

ಎರಡಕ್ಕೆ ಹೊರಟೆವು. ಶಾಹೀನ್ ತನ್ನ ಬುತ್ತಿಯನ್ನೇ ಕೈಗಿಟ್ಟಿದ್ದಳು. ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಬಸ್ಸಿನಲ್ಲೇ ಮುಗಿದವು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಗಂಡಸರದೇ ಸಾಲು. ನಮ್ಮ ಸರದಿ ಬಂದಾಗ ಒಳಗಿನವನು ಏನು ತೊಂದರೆ ಎಂದು ಕೇಳಿದ. ದನಿ ತಗ್ಗಿಸಿ ಹೇಳೋಣವೆಂದು ನಾನು ಅಭ್ಯಾಸಬಲದಿಂದ ಬಗ್ಗಿದೆ. ತಾಯಿ ನನ್ನನ್ನು ಪಕ್ಕಕ್ಕೆ ಸರಿಸಿ, ಸಾಲಿಗೆಲ್ಲ ಕೇಳುವಂತೆ ಹೇಳಿದರು: "ಹದಿನಾರು ದಿನಾ ಆತು, ನನ್ನ ಮಗಳ ಮುಟ್ಟು ನಿಂತಿಲ್ರಿ. ಜಲ್ದಿ ಬರ್ಕೊಳ್ರಿ."