ಏರಿಯ ಮೇಲಿನ ಚಪ್ಪಲಿ

ಹೊಳೆಪ್ಪ ದಯೆಯಿಲ್ಲದ ಮನುಷ್ಯ. ಕೆರೆಯ ನಿಯಮವೊಂದನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಏನೂ ಬೇಕಾಗಿರಲಿಲ್ಲ. ಶಾಲೆಯ ದ್ವಾರಕಾಬಾಯಿ ಈ ತೀರ್ಮಾನಕ್ಕೆ ಬರಲು ಒಂದೇ ದಿನ ಸಾಕಾಯಿತು. ಅದನ್ನು ಬದಲಿಸಲು ಮುಂದಿನ ಮೂರು ವರ್ಷ ಅವರಿಗೆ ಕಾರಣ ಸಿಗಲಿಲ್ಲ.

ಮೊರಬದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಆ ಊರು. ಎಲ್ಲಿ ಬಾವಿ ತೋಡಿದರೂ ಸವಳು ನೀರು. ಹೀಗಾಗಿ ಊರಿಗೆ ಊರೇ ಕುಡಿಯುವುದು ಒಂದು ಕೆರೆಯ ನೀರು. ಅದರಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಚಪ್ಪಲಿ ಮೆಟ್ಟಿ ಏರಿ ಹತ್ತುವಂತಿಲ್ಲ. ಇದನ್ನೆಲ್ಲ ಕಾಯಲು ಪಂಚಾಯಿತಿ ಹೊಳೆಪ್ಪನನ್ನು ಇಟ್ಟಿತ್ತು.

೧೯೮೧ರಲ್ಲಿ ವರ್ಗವಾಗಿ ಬಂದ ದ್ವಾರಕಾಬಾಯಿ ಮೊದಲ ದಿನವೇ ಕೆರೆ ನೋಡಲು ಹೋದರು. ಹಿಂದೆ ಶಾಲೆಯ ಮಕ್ಕಳ ಸಾಲು.

"ಅಕ್ಕೋರ, ಅಲ್ಲೇ ನಿಂದರ್ರಿ. ಕಾಲಾಗಿಂದು ಕಳೀರಿ," ಎಂದ ಹೊಳೆಪ್ಪ.

"ನಾ ಹೊಸದಾಗಿ ಬಂದಾಕಿ. ಸಾಲಿ ಕಲಸಾಕಿ."

"ಅದು ಕೆರಿಗೆ ಗೊತ್ತಿಲ್ರಿ."

ಮಕ್ಕಳು ಕಿಸಕ್ಕನೆ ನಕ್ಕವು. ದ್ವಾರಕಾಬಾಯಿ ಚಪ್ಪಲಿ ಕಳೆದರು. ಅವರ ಕಣ್ಣೆದುರಿಗೇ, ಜ್ವರದಿಂದ ಎದ್ದು ಬಂದಿದ್ದ ಶಿವಗಂಗವ್ವ ಮರೆತು ಚಪ್ಪಲಿ ಮೆಟ್ಟಿಕೊಂಡೇ ನೀರು ತುಂಬಿಕೊಂಡು ಮೇಲೆ ಬಂದಳು. ಹೊಳೆಪ್ಪ ಅವಳ ತಲೆಯ ಮೇಲಿನ ಕೊಡ ಇಳಿಸಿಕೊಂಡು ಅಷ್ಟೂ ನೀರನ್ನು ನೆಲಕ್ಕೆ ಚೆಲ್ಲಿದ.

"ನಿನ್ನ ಕೈ ಸೇದಿಹೋಗ್ಲಿ! ಇದಕ್ಕ ನಿನ್ನ ಹತ್ರ ಹೇಣ್ತಿ ನಿಲ್ಲಲಿಲ್ಲ, ನಾಯಿ ಸೈತ ನಿಲ್ಲಲಿಲ್ಲ," ಎಂದಳು ಶಿವಗಂಗವ್ವ.

"ಹೌದು. ಕಳದು ಬಂದು ಮತ್ತ ತುಂಬಕೋ," ಎಂದ ಅವನು.

ಆ ವರ್ಷ ಡಿಸೆಂಬರಿನಲ್ಲಿ ದ್ವಾರಕಾಬಾಯಿ ಹಕ್ಕಿಗಳನ್ನು ನೋಡಿದರು. ಹಿಮಾಲಯದ ಆಚೆಯಿಂದ ಬರುವ ಬೂದುಬಣ್ಣದ ಬಾತುಗಳು. ಬಿಳಿಯ ತಲೆಗೆ ಹಿಂದಿನಿಂದ ಎರಡು ಕಪ್ಪು ಗೆರೆ. ನಸುಕಿನಲ್ಲಿ ಕಡಲೆ ಹೊಲಗಳಲ್ಲಿ ಮೇಯ್ದು, ಬಿಸಿಲೇರಿದಾಗಿನಿಂದ ಸಂಜೆಯವರೆಗೆ ಕೆರೆಯ ಆಚೆ ದಂಡೆಯ ತೆಳುನೀರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಮುನ್ನೂರಕ್ಕೆ ಕಡಿಮೆಯಿಲ್ಲ. ಸಂಬಂಧಿಕರಿಲ್ಲದ ಊರಿನಲ್ಲಿ ಸಂಜೆ ಕಳೆಯುವುದು ಹೇಗೆಂದು ಹೆದರಿದ್ದ ದ್ವಾರಕಾಬಾಯಿಗೆ ದಿನಾ ಹೋಗಿ ನಿಲ್ಲಲು ಒಂದು ಜಾಗ ಸಿಕ್ಕಿತು. ಅದಕ್ಕೆ ಅವರು ಆ ಹಕ್ಕಿಗಳಿಗೆ ಕೊನೆಯವರೆಗೂ ಋಣಿಯಾಗಿದ್ದರು.

ಒಮ್ಮೆ ಹೊಳೆಪ್ಪನನ್ನು ಕೇಳಿದರು: "ನಿನಗೂ ಈ ಹಕ್ಕಿ ಅಂದ್ರ ಪ್ರೀತಿ ಏನು?"

"ಎಂಥಾ ಪ್ರೀತಿರಿ. ಹೇಲತಾವ."

"ಮತ್ತ ಓಡಸೂದಿಲ್ಲಲ್ಲ?"

"ಅವೂ ಬರಿಗಾಲಲೇ ಬರ್ತಾವಲ್ರಿ."

೧೯೮೩ರ ಜನವರಿಯಲ್ಲಿ ಪಂಚಾಯಿತಿ ಚೇರ್ಮನ್ ಈರಬಸಪ್ಪಗೌಡರ ಬೀಗರ ಕಡೆಯ ಮೂವರು ಬಂದೂಕು ಹಿಡಿದು ಬಂದರು. ಹೊಳೆಪ್ಪ ಅಂದು ನವಲಗುಂದದ ಸಂತೆಗೆ ಹೋಗಿದ್ದ. ಹನ್ನೊಂದು ಹಕ್ಕಿ ಸತ್ತವು. ಉಳಿದವು ಎದ್ದು ಹೋದವು, ಆ ಚಳಿಗಾಲ ತಿರುಗಿ ಬರಲಿಲ್ಲ. ಇದು ಕಾಯ್ದೆಗೆ ವಿರುದ್ಧವೆಂದು ದ್ವಾರಕಾಬಾಯಿ ಮೂರು ಅರ್ಜಿ ಬರೆದರು. 'ಪರಿಶೀಲಿಸಲಾಗುವುದು' ಎಂದು ಒಂದು ಕಾಗದ ಬಂತು.

ಮರುವರ್ಷ ಹಕ್ಕಿಗಳು ಬಂದವು, ಆದರೆ ಅರ್ಧಕ್ಕರ್ಧ. ಈ ಸಲವೂ ಗುಂಡು ಹಾರಿದರೆ ಇನ್ನೆಂದೂ ಬರಲಾರವು ಎಂಬುದು ದ್ವಾರಕಾಬಾಯಿಯ ಹೆದರಿಕೆ. ಸಂಕ್ರಾಂತಿಯ ಮುಂದಿನ ವಾರ, ಆ ಮೂವರು ರವಿವಾರ ಮತ್ತೆ ಬರುತ್ತಾರೆಂದು ಸುದ್ದಿಯಾಯಿತು. ದ್ವಾರಕಾಬಾಯಿ ಸೀದಾ ಗೌಡರ ಮನೆಗೆ ಹೋದರು.

"ಅಕ್ಕೋರ, ಬೀಗರ ಕಡಿ ಮಂದಿ. ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ಲ," ಎಂದರು ಗೌಡರು. "ನಾಕ ಹಕ್ಕಿ ಹ್ವಾದ್ರ ಕೆರಿ ಬತ್ತತೈತೇನ್ರಿ?"

ಅಲ್ಲಿಂದ ದ್ವಾರಕಾಬಾಯಿ ಹೊಳೆಪ್ಪನ ಹತ್ತಿರ ಬಂದರು.

"ಅಡ್ಡ ಹೋಗಬ್ಯಾಡ ಅಂತ ಗೌಡ್ರು ಹೇಳ್ಯಾರ್ರಿ. ಹಕ್ಕಿ ಕಾಯೂದು ನನ್ನ ಕೆಲಸ ಅಲ್ಲ," ಎಂದ ಅವನು.

ರವಿವಾರ ಒಂಬತ್ತಕ್ಕೆ ಜೀಪು ಬಂತು. ಮೂವರಿಗೂ ಮೊಣಕಾಲುದ್ದದ ಬೂಟು. ಆಚೆ ದಂಡೆಗೆ ಹೋಗಲು ಏರಿಯೊಂದೇ ದಾರಿ. ಉಳಿದ ಕಡೆಯೆಲ್ಲ ಸೊಂಟದವರೆಗೆ ಹೂಳುವ ಎರೆಕೆಸರು. ಏರಿಯ ಬುಡದಲ್ಲಿ ಕುಳಿತಿದ್ದ ಹೊಳೆಪ್ಪ ಎದ್ದು ನಿಂತ.

"ಬೂಟು ಕಳೀರಿ ಸಾಹೇಬ್ರ."

"ಏನಂತಾನ ಇಂವ?" ಎಂದು ಬಂದೂಕಿನವನು ಜೊತೆಗೆ ಬಂದಿದ್ದ ಗೌಡರ ಕಡೆ ತಿರುಗಿದ.

"ಲೇ ಹೊಳ್ಯಾ, ಅಡ್ಡ ಬರಬ್ಯಾಡ ಅಂತ ಹೇಳಿದ್ದೆ."

"ಅಡ್ಡ ಎಲ್ಲಿ ಬಂದೆನ್ರಿ? ಹೋಗ್ಲಿ, ಬೇಕಾದ್ದ ಹೊಡೀಲಿ. ಬೂಟು ಕಳದ ಹೋಗ್ಲಿ. ನೀವಽ ಕಳದು ನಿಂತೀರಲ್ರಿ."

ಗೌಡರು ತಮ್ಮ ಕಾಲು ನೋಡಿಕೊಂಡರು. ಅಭ್ಯಾಸಬಲದಿಂದ ಆಗಲೇ ಚಪ್ಪಲಿ ಕಳೆದಿದ್ದರು. ಕಡೆಯ ಕೊಡ ಹೊತ್ತು ಇಳಿಯುತ್ತಿದ್ದ ಶಿವಗಂಗವ್ವ ಅಲ್ಲೇ ನಿಂತಳು.

"ಗೌಡ್ರ, ಜ್ವರದಾಗ ನನ್ನ ಕೊಡಾ ಚೆಲ್ಲಿದ ಧೀರ ಇಂವ. ಬೂಟಿನವ್ರಿಗೆ ಏನ್ ಮಾಡ್ತಾನ, ನೋಡೇ ಹೋಗ್ತೀನಿ."

ಅವಳ ಮಾತು ಓಣಿಯೆಲ್ಲ ಹಬ್ಬುತ್ತದೆಂದು ಗೌಡರಿಗೆ ಗೊತ್ತಿತ್ತು. "ಕಳೀರಿ ಸಾಹೇಬ್ರ. ಊರ ಪದ್ಧತಿ," ಎಂದರು.

ಮೂವರೂ ಬೂಟು ಕಳೆದು ಏರಿ ಹತ್ತಿದರು. ನೀರಿಗಿಳಿಯುವ ಪಾವಟಿಗೆ ದಾಟಿ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಮುಂದಿನವನು "ಅಯ್ಯಯ್ಯೋ" ಎಂದು ಒಂಟಿಗಾಲಲ್ಲಿ ಕುಣಿದ. ಜಾಲಿ ಮುಳ್ಳು. ಅವನನ್ನು ಹಿಡಿಯಲು ಹೋದವನ ಎರಡೂ ಕಾಲಿಗೆ ನೆಟ್ಟವು. ಮೂರನೆಯವನು ಇಬ್ಬರನ್ನೂ ಬೈಯುತ್ತ ಕೂತೇಬಿಟ್ಟ. ಗದ್ದಲಕ್ಕೆ ಹಕ್ಕಿಗಳೆಲ್ಲ ಎದ್ದು ಒಂದು ಸುತ್ತು ಹೊಡೆದು, ಗುಂಡು ಮುಟ್ಟದ ನಡುನೀರಿನಲ್ಲಿ ಇಳಿದವು. ಸಾಹೇಬರು ಕುಂಟುತ್ತ ಇಳಿದು ಬಂದರು. ಗೌಡರ ಮನೆಯಲ್ಲಿ ಗಿರಮಿಟ್ಟು ತಿಂದು, ಮುಳ್ಳು ತೆಗೆಸಿಕೊಂಡು, ಈ ದರಿದ್ರ ಊರಿಗೆ ಮತ್ತೆ ಬರುವುದಿಲ್ಲವೆಂದು ಹೇಳಿ ಹೋದರು.

ಅವರು ಮಾತು ಉಳಿಸಿಕೊಂಡರು. ಮುಂದಿನ ಚಳಿಗಾಲ ಇನ್ನೂರು ಹಕ್ಕಿ ಬಂದವು. ಬೇಟೆ ನಿಷೇಧದ ತಗಡಿನ ಬೋರ್ಡು ಬಂದದ್ದು ಆಮೇಲೆ.

ಆ ರವಿವಾರ ದ್ವಾರಕಾಬಾಯಿಯ ಮನಸ್ಸು ತುಂಬಿತ್ತು. ಹಕ್ಕಿ ಉಳಿಸಿದ್ದು ನಿಯಮ, ಹೊಳೆಪ್ಪನಲ್ಲ ಎಂದು ಅವರಿಗೆ ಖಾತ್ರಿಯಿತ್ತು. ಆದರೂ ನಿಯಮಕ್ಕೆ ಧನ್ಯವಾದ ಹೇಳಲು ಬರುವುದಿಲ್ಲವಲ್ಲ. ಸಂಜೆ ನಾಲ್ಕಕ್ಕೆ ಸಂಕ್ರಾಂತಿಯ ಕುಸರೆಳ್ಳಿನ ಒಂದು ಪೊಟ್ಟಣ ಹಿಡಿದು ಕೆರೆಗೆ ನಡೆದರು. ಏರಿಯ ಬುಡದಲ್ಲಿ ಚಪ್ಪಲಿ ಕಳೆದು ಹತ್ತಿದರು.

ಪಾವಟಿಗೆಯ ಆಚೆ ಹೊಳೆಪ್ಪ ಕುಕ್ಕರಗಾಲಲ್ಲಿ ಕುಳಿತು, ಧೂಳು ಕೆದರಿ ಮುಳ್ಳು ಆರಿಸಿ ಟಾವೆಲ್ಲಿಗೆ ಹಾಕಿಕೊಳ್ಳುತ್ತಿದ್ದ. ಇನ್ನೊಂದು ತಾಸಿಗೆ ಆಚೆ ಓಣಿಯ ಹೆಂಗಸರು ಈ ದಾರಿಯಲ್ಲೇ ಬರಿಗಾಲಲ್ಲಿ ನೀರಿಗೆ ಬರುವವರು. ದ್ವಾರಕಾಬಾಯಿ ಸುತ್ತ ನೋಡಿದರು. ಏರಿಯ ಈ ಮಗ್ಗಲಿಗೆ ಒಂದೂ ಜಾಲಿ ಗಿಡವಿರಲಿಲ್ಲ. ಗಿಡಗಳಿದ್ದದ್ದು ದೂರ, ಕೋಡಿಯ ಹತ್ತಿರ.

"ಇಷ್ಟು ಮುಳ್ಳು ಎಲ್ಲಿಂದ ಬಂದ್ವು ಹೊಳೆಪ್ಪಾ?"

"ಗಾಳಿಗೆ ಬಿದ್ದಾವ್ರಿ."

ಎರಡು ದಿನದಿಂದ ಎಲೆ ಅಲುಗಾಡಿರಲಿಲ್ಲ. ಅವನ ಬೆರಳುಗಳ ತುಂಬ ಚುಚ್ಚಿದ ಗುರುತು, ಒಣಗಿದ ರಕ್ತ. ದ್ವಾರಕಾಬಾಯಿ ಪೊಟ್ಟಣವನ್ನು ಪಾವಟಿಗೆಯ ಮೇಲಿಟ್ಟು, ತಾವೂ ಆರಿಸಲು ಮುಂದೆ ಹೆಜ್ಜೆ ಇಟ್ಟರು.

"ಬ್ಯಾಡ್ರಿ ಅಕ್ಕೋರ. ನಿಂದರ್ರಿ ಅಲ್ಲೇ."

ಹೊಳೆಪ್ಪ ಎದ್ದ. ಅವರ ಬಾಜೂಕಿನಿಂದ ಏರಿ ಇಳಿದು ಹೋದ. ಬುಡದಲ್ಲಿದ್ದ ಅವರ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತಂದು, ಏರಿಯ ಮೇಲೆ ಅವರ ಕಾಲ ಮುಂದೆ ಜೋಡಿಸಿ ಇಟ್ಟ.

"ಹಾಕ್ಕೊಳ್ರಿ," ಎಂದ. "ಇನ್ನೂ ಎಲ್ಲಾ ಆರಿಸಿಲ್ಲ."