ಸುಮ್ಮನಿದ್ದದ್ದಕ್ಕೆ ಬಂದ ಹಗ್ಗ

ಐರ್ಲೆಂಡಿನಿಂದ ಬಂದ ಪೆಟ್ಟಿಗೆಯನ್ನು ಡೊರಿನ್ ಬಾಯಿ ಶಿಶುವಿಹಾರದ ಜಗುಲಿಯ ಮೇಲೆ ಬಿಚ್ಚಿದರು. ಮೇಲೆ ಚಾಕೊಲೇಟು, ಅದರ ಕೆಳಗೆ ಮಿರಮಿರ ಮಿಂಚುವ ಪುಟ್ಟ ಹಳದಿ ಕೋಟುಗಳು, ತಳದಲ್ಲಿ ಸುರುಳಿ ಸುತ್ತಿಟ್ಟ ಒಂದು ಹಗ್ಗ. ಹಗ್ಗದ ಉದ್ದಕ್ಕೂ ಬಣ್ಣಬಣ್ಣದ ಬಳೆಗಳನ್ನು ಹೊಲಿದಿದ್ದರು.

"ಇದೇನು ಬಾಯಮ್ಮ, ದನ ಕಟ್ಟಕ್ಕಾ?" ಎಂದ ಯೋಗೇಶ್. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಮಕ್ಕಳನ್ನು ಶಿಶುವಿಹಾರಕ್ಕೆ ಕರೆತರುವ ಜೀಪಿನ ಡ್ರೈವರ್ ಅವನು.

"ಮಕ್ಕಳು ಹಿಡ್ಕೊಳ್ಳಲಿಕ್ಕೆ ಮಾರಾಯ. ಒಬ್ಬೊಬ್ಬರು ಒಂದೊಂದು ಬಳೆ ಹಿಡ್ಕೊಂಡು ಸಾಲಾಗಿ ನಡೆದು ಬರೋದು. ಪೆಟ್ಟಿಗೆ ಕಳಿಸಿದ ನೋರಾ ಮೇಡಂ ಊರಲ್ಲಿ ಮಕ್ಕಳು ಶಾಲೆಗೆ ಹಾಗೇ ಹೋಗೋದಂತೆ."

"ಈ ಹಲಸಿನ ಕಾಲದಾಗೆ? ಆ ಕಾಫಿ ತೋಟದೊಳಗೆ?" ಯೋಗೇಶ್ ಒಂದು ಬಳೆಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. "ಒಳ್ಳೇದೇ ಆಯ್ತು ಬುಡಿ. ಆನೆಗೂ ಎಣಿಸ್ಕಳಕ್ಕೆ ಸುಲಭ."

ಡೊರಿನ್ ಬಾಯಿಗೆ ನಗು ಬರಲಿಲ್ಲ. ಹಗ್ಗ ಬಂತೆಂದರೆ ಜೀಪು ಹೋಯಿತೆಂದೇ ಲೆಕ್ಕ. ಜೂನಿನಿಂದ ಮಕ್ಕಳು ನಡೆದು ಬರಬೇಕು, ಐರ್ಲೆಂಡಿನವರು ಕೊಡಿಸಿದ ಜೀಪು ಇನ್ನೊಂದು ಮಿಷನ್ನಿಗೆ ಹೋಗಬೇಕು. ಇದಕ್ಕೆ ಒಪ್ಪಿದವರು ಇಲ್ಲಿಯವರೇ. ಒಪ್ಪಿದ್ದು ಯಾರು ಎಂದು ಕೇಳಿದರೆ ಮಾತ್ರ, ಯಾರೂ ಅಲ್ಲ.

ಸಕಲೇಶಪುರದಿಂದ ಆಲೂರಿನ ಕಡೆ ಹೋಗುವಾಗ ಸಿಗುವ ಗುಡ್ಡದ ಮೇಲೆ ಆ ಸಣ್ಣ ಇಗರ್ಜಿ, ಅದರ ಮಗ್ಗುಲಿಗೆ ಶಿಶುವಿಹಾರ. ಡೊರಿನ್ ಬಾಯಿ ಬಂಟ್ವಾಳದ ಕಡೆಯ ಹುಡುಗಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕ್ಯಾಸ್ಮಿರನನ್ನು ಮದುವೆಯಾಗಿ ಘಟ್ಟ ಹತ್ತಿ ಬಂದವರು. ಗಂಡ ಕಾಯಿಲೆ ಬಿದ್ದಾಗ ಬಹರೈನಿಗೆ ಹೋಗಿ, ಅಲ್ಲಿದ್ದ ಐರ್ಲೆಂಡಿನ ನೋರಾ ಮೇಡಂ ಮನೆಯಲ್ಲಿ ಅಡುಗೆಗೆ ನಿಂತರು. ಇಂಗ್ಲಿಷ್ ಕಲಿತದ್ದು ಅಲ್ಲಿಯೇ, ಆ ಮನೆಯ ಮಗುವಿಗೆ ಗಂಜಿ ತಿನ್ನಿಸುತ್ತಾ. "ಎಲ್ಲಾ ಚೆನ್ನಾಗಿದೆ ಮೇಡಂ" ಎನ್ನುವುದನ್ನೂ ಅಲ್ಲಿಯೇ ಕಲಿತರು. ಊರಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಆ ಮನೆಗೆ ನೆಂಟರು ಬಂದಿದ್ದರು. ಡೊರಿನ್ ಬಾಯಿ ಎಲ್ಲರಿಗೂ ನಗುನಗುತ್ತಾ ಬಡಿಸಿ, ನೆಂಟರು ಹೋದ ಮಾರನೇ ದಿನ ಬಾಯಿ ಬಿಟ್ಟರು. ನೋರಾ ಮೇಡಂ ಅವರನ್ನು ಅಪ್ಪಿಕೊಂಡು ಅತ್ತರು, ಆಮೇಲೆ ಬೈದರು. ಬೈದದ್ದು ಯಾಕೆಂದು ಡೊರಿನ್ ಬಾಯಿಗೆ ಆಗ ಅರ್ಥವಾಗಲಿಲ್ಲ.

ಡೊರಿನ್ ಬಾಯಿ ಊರಿಗೆ, ನೋರಾ ಮೇಡಂ ಐರ್ಲೆಂಡಿಗೆ ಮರಳಿದ ಮೇಲೆ, ಆ ಋಣಾನುಬಂಧದಿಂದಲೇ ಇಲ್ಲಿಯ ಮತ್ತು ಅಲ್ಲಿಯ ಎರಡು ಇಗರ್ಜಿಗಳ ನಂಟು ಬೆಳೆದದ್ದು. ತಿಂಗಳಿಗೊಂದು ಭಾನುವಾರ, ಅಲ್ಲಿ ಮಧ್ಯಾಹ್ನದ ಪೂಜೆ ಮುಗಿಯುವ ಹೊತ್ತಿಗೆ ಇಲ್ಲಿ ಸಂಜೆ, ಶಿಶುವಿಹಾರದ ದೊಡ್ಡ ಕೋಣೆಯಲ್ಲಿ ಎಲ್ಲರೂ ಫೋನಿನ ಮುಂದೆ ಕೂರುತ್ತಿದ್ದರು. ಆ ಕಡೆಯ ಮಾತನ್ನು ಈ ಕಡೆಗೂ ಈ ಕಡೆಯ ಮಾತನ್ನು ಆ ಕಡೆಗೂ ದಾಟಿಸುವುದು ಡೊರಿನ್ ಬಾಯಿ ಕೆಲಸ. ದಾಟಿಸುವಾಗ ಒಂದಿಷ್ಟು ಸಕ್ಕರೆ ಬೀಳುತ್ತಿತ್ತು. ಆನೆಗಳು ಬಾಳೆ ಮುರಿದು, ನೀರಿನ ಪೈಪು ಕಿತ್ತು ಹಾಕಿದರೆ, "ಆನೆಗಳು ಬಂದು ಹೋದವು ಮೇಡಂ" ಎನ್ನುವರು, ನೆಂಟರು ಬಂದು ಹೋದ ಹಾಗೆ. ಅಲ್ಲಿಯ ಮಕ್ಕಳು ಆನೆಯ ಚಿತ್ರ ಬರೆದು ಕಳಿಸಿದರು. ಅದನ್ನು ಗೋಡೆಗೆ ಅಂಟಿಸಿದರು.

ಹೋದ ವರ್ಷ ಬೆಳಗ್ಗೆ ಪಂಪು ಹಾಕಲು ಹೋದ ಲೈನಿನ ಲಕ್ಕಪ್ಪನನ್ನು ಒಂಟಿ ಸಲಗ ತುಳಿಯಿತು. ಡೊರಿನ್ ಬಾಯಿ ಅದನ್ನು ಹೇಳಲು ಹೊರಟು, ಅಲ್ಲಿ ಸಾಲಾಗಿ ಕೂತ ಬಿಳಿಗೂದಲ ಮುಖಗಳನ್ನು ನೋಡಿ, "ಲಕ್ಕಪ್ಪ ತೋಟದಲ್ಲಿ ಹಠಾತ್ತಾಗಿ ತೀರಿಕೊಂಡ" ಎಂದುಬಿಟ್ಟರು. ಅವರು ಮೇಣದಬತ್ತಿ ಹಚ್ಚಿ ಫೋಟೋ ಕಳಿಸಿದರು. ಲಕ್ಕಪ್ಪನ ಹೆಂಡತಿ ಗಂಗಾಮಣಿ ಅದನ್ನು ನೋಡಿ ಕೈಮುಗಿದಳು.

ಈ ವರ್ಷ ಮಕ್ಕಳನ್ನು ನಡೆಸುವ ಮಾತು ತೆಗೆದಾಗ ನೋರಾ ಮೇಡಂ ಕೇಳಿಯೇ ಇದ್ದರು, "ಯಾರಿಗಾದರೂ ತೊಂದರೆ ಉಂಟಾ, ಹೇಳಿ" ಎಂದು. ಡೊರಿನ್ ಬಾಯಿ ಅದನ್ನು ಕನ್ನಡದಲ್ಲಿ ಹೇಳಿದರು. ಫಾದರ್ ರಾಯ್ಸ್ಟನ್ ನೆಲ ನೋಡಿದರು. ತಾಯಂದಿರು ಸೆರಗು ಸರಿಮಾಡಿಕೊಂಡರು. ಯಾರೂ ತುಟಿ ಬಿಚ್ಚಲಿಲ್ಲ. ಈ ಗುಡ್ಡದಲ್ಲಿ ಕೊಡುವ ಕೈಯ ಮುಂದೆ ಸುಮ್ಮನಿದ್ದರೆ ಒಲ್ಲೆ ಎಂದೇ ಅರ್ಥ. ನಾಳೆ ಭಾನುವಾರ ಕೆಲಸಕ್ಕೆ ಬರ್ತೀರಾ ಎಂದು ಸಾಹುಕಾರರು ಕೇಳಿದರೆ ಲೈನಿನವರು ಸುಮ್ಮನೆ ನಿಲ್ಲುತ್ತಾರೆ, ಸಾಹುಕಾರರು ತಿಳಿದುಕೊಂಡು ಹೋಗುತ್ತಾರೆ. ನೋರಾ ಮೇಡಂ ತಿಳಿದುಕೊಂಡದ್ದೇ ಬೇರೆ. ಅವರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ಹಗ್ಗ ಬಂತು.

ಭಾನುವಾರ ಸಂಜೆ, ಫೋನು ಬರುವ ಮೊದಲೇ ಗಂಗಾಮಣಿ ಮೊಮ್ಮಗಳು ಕೃತಿಕಾಳ ಕೈ ಹಿಡಿದುಕೊಂಡು ಬಂದಳು. ಹಗ್ಗ ಬೆಂಚಿನ ಮೇಲಿತ್ತು. ಅದನ್ನು ಮುಟ್ಟಲಿಲ್ಲ.

"ಬಾಯಿ, ಇವತ್ತು ನಾನು ಮಾತಾಡ್ತೀನಿ. ನಾನು ಹೇಳಿದ್ದನ್ನ ಹೇಳ್ದಂಗೇ ಹೇಳ್ಬೇಕು ನೀವು."

"ಆಗಲಿ ಗಂಗಾಮಣಿ. ಆದ್ರೂ ಸ್ವಲ್ಪ ನಯವಾಗಿ..."

"ನನ್ ಗಂಡನ್ನ ಆನೆ ತುಳಿದಿದ್ದು ಗೊತ್ತಿದ್ದೂ ಹಗ್ಗ ಕಳ್ಸವ್ರಲ್ಲ, ಅವ್ರಿಗ್ಯಾಕೆ ನಯ? ಮೇಣದಬತ್ತಿ ಹಚ್ಚಿದ್ ಕೈಲೇ ಹಗ್ಗ ಹೊಸೆದವ್ರೆ!"

ಐರ್ಲೆಂಡಿನವರಿಗೆ ಅದು ಗೊತ್ತಿಲ್ಲ ಎಂದು ಡೊರಿನ್ ಬಾಯಿ ಈಗಲೇ ಹೇಳಬೇಕಿತ್ತು. ಹೇಳುವ ಬದಲು ಬೆಂಚಿನ ಮೇಲಿನ ಹಗ್ಗವನ್ನು ಸುರುಳಿ ಸುತ್ತತೊಡಗಿದರು.

ಫಾದರ್ ರಾಯ್ಸ್ಟನ್ ಡೊರಿನ್ ಬಾಯಿಯನ್ನು ಬಾಗಿಲ ಕಡೆಗೆ ಕರೆದರು. "ಬಾಯಿ, ಇವತ್ತು ಬೇಡ ಆಯ್ತಾ? ಅವರಿಗೆ ಬೇಜಾರಾಗಿ ಎಲ್ಲವೂ ನಿಂತುಹೋದ್ರೆ ಈ ಶಿಶುವಿಹಾರವೇ ಮುಚ್ಚಬೇಕು. ನಾನು ನಿಧಾನಕ್ಕೆ ಬರೀತೇನೆ."

"ಜೂನು ನಿಧಾನಕ್ಕೆ ಬತ್ತದಾ ಫಾದ್ರೇ?" ಎಂದಳು ಗಂಗಾಮಣಿ ಒಳಗಿನಿಂದ. ಅವಳ ಕಿವಿ ಚುರುಕು.

ಅಷ್ಟರಲ್ಲಿ ಫೋನು ಬಂತು. ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳನ್ನು ಟೀಚರ್ ಶೃತಿ ಮುಂದೆ ಕೂರಿಸಿದಳು. ಪರದೆಯ ಮೇಲೆ ನೋರಾ ಮೇಡಂ, ಅವರ ಹಿಂದೆ ನಾಲ್ಕಾರು ಜನ.

"ಹಗ್ಗ ತಲುಪಿತಾ ಡೊರಿನ್?"

"ತುಂಬಾ ಚೆನ್ನಾಗಿದೆ ಮೇಡಂ." ಮಾತು ತಾನಾಗಿಯೇ ಬಂದುಬಿಟ್ಟಿತ್ತು.

ಆಗ ಕೆಳಗಿನ ತೋಟದಲ್ಲಿ ಪಟಾಕಿ ಸಿಡಿಯಿತು. ಢಂ, ಮತ್ತೆ ಢಂ. ಯೋಗೇಶ್ ಕಿವಿಗೆ ಫೋನು ಒತ್ತಿಕೊಂಡು ಓಡಿ ಬಂದ. "ಫಾರೆಸ್ಟ್‌ನೋರು ಆನೆ ಓಡುಸ್ತಾವ್ರೆ. ಲೈನಿಗೂ ನಮಗೂ ಮಧ್ಯದಾಗೇ ಅವಂತೆ. ಮಕ್ಕಳನ್ನ ಹೊರಗೆ ಬುಡಬ್ಯಾಡಿ."

"ಪಟಾಕಿ ಸದ್ದಾ ಅದು? ಹಬ್ಬವಾ?" ನೋರಾ ಮೇಡಂ ನಗುತ್ತಾ ಕೇಳಿದರು. ಹಿಂದೆಯೂ ಹೀಗೆ ಕೇಳಿದ್ದರು. ಹಿಂದೆಲ್ಲ ಡೊರಿನ್ ಬಾಯಿ ಹೌದು ಎಂದಿದ್ದರು.

"ಏನಂತೆ?" ಎಂದಳು ಗಂಗಾಮಣಿ.

"ಹಬ್ಬವಾ ಅಂತ ಕೇಳ್ತಾರೆ."

ಗಂಗಾಮಣಿ ಫೋನಿನ ಎದುರಿಗೆ ಬಂದು ನಿಂತಳು. "ನನ್ ಗಂಡ ಲಕ್ಕಪ್ಪನ್ನ ಆನೆ ತುಳೀತು. ಈ ಮಕ್ಕಳು ನಡ್ಕಂಡು ಬರ್ಲಿ ಅಂತೀರಲ್ಲ, ಅದೇ ದಾರೀಲಿ. ಮುಖ ಗುರ್ತು ಸಿಗ್ಲಿಲ್ಲ, ಸೊಂಟದ್ ಬೆಲ್ಟು ನೋಡಿ ಇವ್ನೇ ಅಂದೆ. ನಿಮ್ ಹಗ್ಗ ಚೆಂದಾಗೈತೆ. ನನ್ ಮೊಮ್ಮಗಳ ಕೈಗೆ ಮಾತ್ರ ನಾನದನ್ನ ಕೊಡಾಕಿಲ್ಲ."

ಫಾದರ್ ಕಣ್ಣಲ್ಲೇ ಬೇಡ ಎಂದರು. ಡೊರಿನ್ ಬಾಯಿ ಶುರು ಮಾಡಿದರು. ಆನೆ, ಲಕ್ಕಪ್ಪ, ದಾರಿ. ತುಳಿಯುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅವರಿಗೆ ತಿಳಿಯದು. ಇಷ್ಟು ವರ್ಷ ಆ ಮಾತು ಬೇಕಾಗಿಯೇ ಇರಲಿಲ್ಲ. ಬಲಗೈಯನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಅದನ್ನು ಅದುಮಿ ಅದುಮಿ ತೋರಿಸಿದರು. ಬೆಲ್ಟಿನ ಮಾತನ್ನೂ ಬಿಡಲಿಲ್ಲ.

"ನಾವು ಮೇಣದಬತ್ತಿ ಹಚ್ಚಿದ ಲಕ್ಕಪ್ಪನಾ?" ನೋರಾ ಮೇಡಂ ಮುಖದ ನಗು ಹೋಗಿತ್ತು. "ಹಠಾತ್ತಾಗಿ ಎಂದು ನೀನು ಹೇಳಿದ್ದೆ ಡೊರಿನ್."

"ಹೌದು ಮೇಡಂ. ಆನೆ ಎಂದು ಹೇಳಲಿಲ್ಲ."

"ಏನು ಮಾತಾಡ್ತಾವ್ರೆ?" ಗಂಗಾಮಣಿ ಡೊರಿನ್ ಬಾಯಿಯ ಮುಖ ನೋಡಿದಳು.

"ಅವರಿಗೆ ಗೊತ್ತಿರಲಿಲ್ಲ ಗಂಗಾಮಣಿ. ನಾನು ಹೇಳಿರಲಿಲ್ಲ."

"ಹಂಗಾದ್ರೆ ಅವ್ರು ಬತ್ತಿ ಹಚ್ಚಿದ್ದು ಯಾವ್ ಸಾವಿಗೆ?" ಎಂದಳು ಗಂಗಾಮಣಿ, ಮೆಲ್ಲಗೆ.

ನೋರಾ ಮೇಡಂ ಆ ಕಡೆಯಿಂದ ಮತ್ತೆ ಕೇಳಿದರು, "ತೊಂದರೆ ಉಂಟಾ ಎಂದು ನಾನು ಕೇಳಿದ್ದೆನಲ್ಲ? ಆಗ ಯಾರೂ ಏಕೆ ಹೇಳಲಿಲ್ಲ?"

ಡೊರಿನ್ ಬಾಯಿ ಅದನ್ನು ಹೇಳಿದಾಗ ಗಂಗಾಮಣಿ ಸಿಡಿದಳು. "ಅಷ್ಟು ಜನ ತುಟಿ ಹೊಲ್ಕಂಡು ಕೂತಿದ್ವಲ್ಲ, ಇನ್ನೆಂಗೆ ಹೇಳಾದು?"

"ಇಲ್ಲಿ ಸುಮ್ಮನಿದ್ದರೆ ಬೇಡ ಎಂದು ಅರ್ಥ ಮೇಡಂ," ಎಂದರು ಡೊರಿನ್ ಬಾಯಿ.

"ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದು." ನೋರಾ ಮೇಡಂ ಹಣೆಗೆ ಕೈಯಿಟ್ಟುಕೊಂಡರು. "ನನಗೆ ಸಿಟ್ಟು ಬಂದಿದೆ ಡೊರಿನ್. ಇದನ್ನು ಅವರಿಗೂ ಹೇಳು."

ಹೇಳಿದರು. ಫಾದರ್ ಕಣ್ಣು ಮುಚ್ಚಿಕೊಂಡರು.

"ಬರ್ಲಿ ಬುಡಿ," ಎಂದಳು ಗಂಗಾಮಣಿ. "ಸಿಟ್ಟು ಬಂತು ಅಂದ್ರೆ ಕಿವಿಗೆ ಬಿತ್ತು ಅಂತಾಯ್ತು."

ಹೊರಗೆ ಬೆಳಕು ಕಂದುತ್ತಿತ್ತು. ಆನೆಗಳು ದಾರಿ ಬಿಟ್ಟಿವೆ ಎಂದು ಯೋಗೇಶನಿಗೆ ಫೋನು ಬಂದಾಗ ಮಕ್ಕಳನ್ನು ಅವಸರದಲ್ಲಿ ಜೀಪು ಹತ್ತಿಸಿದರು, ಗಂಗಾಮಣಿಯೂ ಹತ್ತಿದಳು. ಫೋನು ಇಡಬೇಡ, ಮಕ್ಕಳು ಮನೆ ಮುಟ್ಟುವವರೆಗೆ ನಾವು ಏಳುವುದಿಲ್ಲ ಎಂದರು ನೋರಾ ಮೇಡಂ. ಡೊರಿನ್ ಬಾಯಿ ಮುಂದಿನ ಸೀಟಿನಲ್ಲಿ ಕೂತು ಫೋನನ್ನು ಗಾಜಿಗೆ ಹಿಡಿದರು. ಕೆರೆ ಏರಿಯ ತಿರುವಿನಲ್ಲಿ ಯೋಗೇಶ್ ಗಕ್ಕನೆ ನಿಲ್ಲಿಸಿದ. ಕಾಫಿ ಗಿಡಗಳ ಮೇಲೆ ಕಪ್ಪನೆಯ ಬೆನ್ನೊಂದು, ಅದರ ಹಿಂದೆ ಇನ್ನೊಂದು. ಮಕ್ಕಳಲ್ಲಿ ಒಂದೂ ಉಸಿರೆತ್ತಲಿಲ್ಲ. ಉಸಿರೆತ್ತಬಾರದೆಂದು ಮಕ್ಕಳಿಗೆ ಗೊತ್ತಿತ್ತು. ಕೃತಿಕಾ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಗಂಗಾಮಣಿಯ ಕಣ್ಣು ಆ ಬೆನ್ನುಗಳನ್ನು ಬಿಟ್ಟು ಕದಲಲಿಲ್ಲ. ಮುರಿದ ಹಲಸಿನ ಕೊಂಬೆಯೊಂದು ಲಟಲಟನೆ ನೆಲಕ್ಕೆ ಬಿತ್ತು. ಡೊರಿನ್ ಬಾಯಿ ಫೋನನ್ನು ಆ ಕಡೆಗೆ ತಿರುಗಿಸಿದರು. ಆಮೇಲೆ ನೆಟ್‌ವರ್ಕ್ ಹೋಗಿಬಿಟ್ಟಿತು.

ಮಕ್ಕಳು ಮನೆ ಮುಟ್ಟಿದರು. "ಎಲ್ಲರೂ ತಲುಪಿದರು" ಎಂದು ಶೃತಿಯ ಕೈಯಲ್ಲಿ ಮೆಸೇಜು ಹಾಕಿಸಿದರೆ, ಅದನ್ನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಫಾದರ್ ಎದುರು ಸಿಕ್ಕಾಗಲೆಲ್ಲ, "ನಾನು ಹೇಳಿದ್ದೆ ಬಾಯಿ" ಎಂದರು. ಜೂನು ಹತ್ತಿರವಾಗುತ್ತಿತ್ತು. ಡೊರಿನ್ ಬಾಯಿ ಜಪಸರ ಹಿಡಿದು ಕೂತರೂ ಮನಸ್ಸು ಫೋನಿನ ಮೇಲೇ. ಸುಮ್ಮನಿದ್ದರೆ ಒಪ್ಪಿಗೆ ಎಂದು ಅವರೇ ಹೇಳಿದ್ದರು. ಈಗ ಅವರು ಸುಮ್ಮನಿರುವುದು ಯಾವುದಕ್ಕೆ?

ಮಳೆ ಹಿಡಿಯುವ ಮುಂಚಿನ ಭಾನುವಾರ ಕರೆ ಬಂತು. ನೋರಾ ಮೇಡಂ ಕ್ಷೇಮಸಮಾಚಾರಕ್ಕೂ ನಿಲ್ಲಲಿಲ್ಲ.

"ಜೀಪು ಅಲ್ಲೇ ಇರುತ್ತದೆ. ಇನ್ನೊಂದು ಮಿಷನ್ನಿಗೆ ಮಾತು ಕೊಟ್ಟು ತಪ್ಪಿದ್ದೇವೆ, ಅವರಿಗೆ ನಾವೇ ಉತ್ತರ ಹೇಳಿಕೊಳ್ಳುತ್ತೇವೆ."

ಡೊರಿನ್ ಬಾಯಿ ಅದನ್ನು ದಾಟಿಸಿದಾಗ ತಾಯಂದಿರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಫಾದರ್ ಶಿಲುಬೆಯ ಗುರುತು ಮಾಡಿಕೊಂಡರು.

"ಇನ್ನೊಂದು ಮಾತು. ಇನ್ನು ಮೇಲೆ ಡೊರಿನ್ ಒಬ್ಬಳೇ ಮಾತು ದಾಟಿಸುವುದು ಬೇಡ. ಅವಳು ನನ್ನ ಪ್ರೀತಿಯವಳು. ಆದರೆ ಅವಳು ಏನು ಹೇಳುತ್ತಾಳೆ, ಏನು ಬಿಡುತ್ತಾಳೆ ಎಂದು ನಮಗೆ ತಿಳಿಯುವುದಿಲ್ಲ. ಜೊತೆಗೆ ಶೃತಿಯೂ ಕೂರಲಿ. ಇದನ್ನು ನೀನೇ ಅವರಿಗೆ ಹೇಳಬೇಕು ಡೊರಿನ್."

ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಶೃತಿಗೆ ಎಲ್ಲವೂ ಅರ್ಥವಾಗಿತ್ತು, ತಲೆ ತಗ್ಗಿಸಿದಳು. ವಯಸ್ಸಾಯಿತು, ಸಹಾಯಕ್ಕೆ ಒಬ್ಬರಿರಲಿ ಎಂದರಂತೆ, ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಡೊರಿನ್ ಬಾಯಿ ಅದನ್ನು ನುಂಗಿಕೊಂಡರು.

"ನಾನು ಮಾತು ಬಿಡ್ತೇನಂತೆ. ಏನು ಬಿಟ್ಟೆ ಅಂತ ಅವರಿಗೆ ತಿಳಿಯುದಿಲ್ಲವಂತೆ. ಹಾಗಾಗಿ ನಾನೊಬ್ಬಳೇ ಬೇಡ, ಶೃತಿಯೂ ಕೂರಬೇಕಂತೆ."

"ಇದು ಅವ್ರು ಹೇಳ್ದಂಗೇನಾ, ಇಲ್ಲ ಸಕ್ಕರೆ ಬಿತ್ತಾ?" ಗಂಗಾಮಣಿ ಕೇಳಿದಳು.

"ಪ್ರೀತಿಯವಳು ಅಂತಾನೂ ಅಂದ್ರು. ಅದನ್ನ ನಾನೇ ಬಿಟ್ಟೆ."

"ಅಗೋ, ಮತ್ತೆ ಬುಟ್ರು!" ಎಂದ ಯೋಗೇಶ್. ಕೋಣೆಯಿಡೀ ನಕ್ಕಿತು. ಗಂಗಾಮಣಿ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಸರಿದು ಡೊರಿನ್ ಬಾಯಿಗೆ ಜಾಗ ಮಾಡಿಕೊಟ್ಟಳು.

"ಹಗ್ಗ ಏನಾಯಿತು?" ಎಂದು ಕೇಳಿದರು ನೋರಾ ಮೇಡಂ.

ಮಕ್ಕಳಿಗೆ ತುಂಬಾ ಇಷ್ಟ ಎನ್ನಲು ಬಾಯಿ ತೆರೆದ ಡೊರಿನ್ ಬಾಯಿ ಅಲ್ಲಿಗೇ ತಡೆದರು. "ಜೀಪಿನ ಹಿಂಬಾಗಿಲ ಚಿಲಕ ಮುರಿದಿದೆ ಮೇಡಂ. ಬಾಗಿಲು ತೆರೆದುಕೊಳ್ಳದ ಹಾಗೆ ನಿಮ್ಮ ಹಗ್ಗದಲ್ಲಿ ಬಿಗಿದಿದ್ದೇವೆ."

"ಮುರಿದು ಎಷ್ಟು ದಿನವಾಯಿತು?"

ಯೋಗೇಶ್ ಹಿಂದಿನಿಂದ ಬೇಡ ಬೇಡ ಎಂದು ಕೈಯಾಡಿಸಿದ. ಡೊರಿನ್ ಬಾಯಿ ಆ ದಿನಗಳ ಲೆಕ್ಕವನ್ನೂ ಬಿಡದೆ ಹೇಳಿದರು.